ಬಚ್ಚಲಿಗೆ 3 ಲಕ್ಷ: ಗಂಡನ ಆಸೆಗೋ, ಅತ್ತೆಯ ಮಂಡಿಗೋ?

ಪ್ರಶ್ನೆ: ಮೇಡಂ, ವಿಜಯನಗರದಲ್ಲಿ ನಮ್ಮದು 1994ರಲ್ಲಿ ಕಟ್ಟಿಸಿದ ಸ್ವಂತ ಮನೆ. ಮೇಲೆ ನಾವು, ಕೆಳಗೆ ಬಾಡಿಗೆಯವರು. 5 ಅಡಿಗೆ 7 ಅಡಿಯ ಬಾತ್‌ರೂಮ್ ಹೊಸದಾಗಿ ಮಾಡಿಸಲು 3 ಲಕ್ಷ ಕೂಡಿಟ್ಟಿದ್ದೇವೆ. ಅದರಲ್ಲಿ ಅರ್ಧ ನನ್ನ ಚೀಟಿ ದುಡ್ಡು. ನಮ್ಮ ಯಜಮಾನರಿಗೆ ರೇನ್ ಶವರ್, ಗಾಜಿನ ಪಾರ್ಟಿಷನ್, ಗೋಡೆಗೆ ಕೂರಿಸುವ ವಾಲ್ ಹಂಗ್ ಕಮೋಡ್, ದುಬಾರಿ ಟೈಲ್ಸ್ ಎಲ್ಲ ಬೇಕು. "ಜೀವನದಲ್ಲಿ ಒಂದು ಸಲ ಮಾಡಿಸೋದು" ಅನ್ನುತ್ತಾರೆ. ಅತ್ತೆಗೆ 74 ವರ್ಷ, ಮಂಡಿನೋವು. ಅವರಿಗೆ ಅನುಕೂಲ ಮಾಡೋಣ ಅಂದರೆ "ನನಗ್ಯಾಕಮ್ಮ, ಇನ್ನೆಷ್ಟು ದಿನ" ಅನ್ನುತ್ತಾರೆ. ಕೆಳಗಿನವರ ಅಡುಗೆಮನೆ ಚಾವಣಿಯಲ್ಲಿ ತೇವ ಬೇರೆ ಕಾಣಿಸಿಕೊಂಡಿದೆ. ಆ ಮಾತು ಎತ್ತಿದರೆ ನಾನು ಜಿಪುಣಿ. ಏನು ಮಾಡಲಿ?
– ಹೆಸರು ಬೇಡ, ಬೆಂಗಳೂರು

ಉತ್ತರ: ನೀವು ಜಿಪುಣಿ ಅಲ್ಲ. ತಿಂಗಳು ತಿಂಗಳು ಚೀಟಿ ಕಟ್ಟಿ ಉಳಿಸಿದ ದುಡ್ಡು ಎಲ್ಲಿಗೆ ಹೋಗಬೇಕು ಅಂತ ಬಾಯಿಬಿಟ್ಟು ಹೇಳುವ ಹಕ್ಕು ನಿಮಗಿದೆ. ಹಾಗಂತ ನಿಮ್ಮ ಯಜಮಾನರ ಆಸೆಯೂ ತಪ್ಪಲ್ಲ. ಇಷ್ಟು ವರ್ಷ ಒಂದೇ ಬಚ್ಚಲು ನೋಡಿದವರಿಗೆ ಚೆಂದದ್ದೊಂದು ಬೇಕು ಅನ್ನಿಸುವುದು ಸಹಜ ಅಲ್ವಾ?

ನನ್ನ ಅಭಿಪ್ರಾಯ ಇಷ್ಟು. ಮುಂದೆ ಒಡೆಯದೆ ಮುಟ್ಟಲು ಆಗದ ಜಾಗಕ್ಕೆ ಮೊದಲು ದುಡ್ಡು ಹಾಕಿ. ಅಂದರೆ ಗೋಡೆಯೊಳಗಿನ ಪೈಪು, ನೆಲದಡಿಯ ವಾಟರ್‌ಪ್ರೂಫಿಂಗ್, ನೆಲದ ನೀರು ಹೊರಹೋಗುವ ನಹಾನಿ ಟ್ರ್ಯಾಪ್. ಶವರ್, ನಲ್ಲಿ, ಕನ್ನಡಿ ಎರಡು ವರ್ಷ ಬಿಟ್ಟು ಬದಲಾಯಿಸಿದರೂ ಅರ್ಧ ದಿನದ ಕೆಲಸ.

ಕೆಳಗಿನ ಮನೆಯ ತೇವ ಸಣ್ಣ ವಿಷಯ ಅಲ್ಲ. ಅಲ್ಲಿ ನೀರು ಕಾಣಿಸುವ ಹೊತ್ತಿಗೆ ಸ್ಲ್ಯಾಬ್ ಒಳಗೆ ಎಷ್ಟೋ ದಿನದಿಂದ ಇಳಿಯುತ್ತಿರುತ್ತದೆ. ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿದರೆ ಅದು ಉಬ್ಬಿ ಕಾಂಕ್ರೀಟ್ ಉದುರಲು ಶುರುವಾಗುತ್ತದೆ. ಆ ಕಾಲದ ಮನೆ ಅಂದರೆ ಬಹುಶಃ ಜಿಐ ಪೈಪ್, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪ್ ಇರುತ್ತದೆ. ಹಾಗಿದ್ದರೆ ಅರ್ಧಂಬರ್ಧ ಉಳಿಸಿಕೊಳ್ಳಬೇಡಿ, ಪೂರ್ತಿ ಸಿಪಿವಿಸಿಗೆ, ಅಂದರೆ ಬಿಸಿನೀರಿಗೂ ಆಗುವ ಪ್ಲಾಸ್ಟಿಕ್ ಪೈಪಿಗೆ ಬದಲಾಯಿಸಿ. ಗೋಡೆ ಮುಚ್ಚುವ ಮುಂಚೆ, ಪೈಪಿಗೆ ಒತ್ತಡದಲ್ಲಿ ನೀರು ತುಂಬಿ ಸೋರುತ್ತದೆಯಾ ಅಂತ ನೋಡುವ ಪ್ರೆಶರ್ ಟೆಸ್ಟ್ ಮಾಡಿಸಿ, ಅಳತೆ ಟೇಪ್ ಹಿಡಿದು ಪೈಪುಗಳ ಫೋಟೊ ತೆಗೆದಿಟ್ಟುಕೊಳ್ಳಿ. ನಾಳೆ ಮೊಳೆ ಹೊಡೆಯುವಾಗ ಬೇಕಾಗುತ್ತದೆ.

"ಹಳೇ ಟೈಲ್ಸ್ ಮೇಲೇ ಹೊಸದು ಕೂರಿಸೋಣ, ದುಡ್ಡು ಉಳಿಯುತ್ತೆ" ಅಂತ ಮೇಸ್ತ್ರಿ ಹೇಳಬಹುದು. ನಿಮ್ಮ ಮನೆಗೆ ಅದು ಖಂಡಿತ ಬೇಡ. ಸೋರಿಕೆ ಹಾಗೇ ಉಳಿಯುತ್ತದೆ, ನೆಲ ಬೇರೆ ಎತ್ತರವಾಗುತ್ತದೆ. ಸ್ಲ್ಯಾಬ್‌ವರೆಗೆ ಕಿತ್ತು, ಮೂಲೆಗಳನ್ನೂ ಪೈಪ್ ಹಾದುಹೋಗುವ ತೂತುಗಳನ್ನೂ ಸರಿಯಾಗಿ ಮುಚ್ಚಿಸಿ. ವಾಟರ್‌ಪ್ರೂಫಿಂಗ್ ಎರಡು ಕೋಟ್ ಆಗಲಿ. ನೆಲಕ್ಕೆ ಮಾತ್ರ ಬಳಿದು ನಿಲ್ಲಿಸಬಾರದು. ಸುತ್ತ ಗೋಡೆಗೆ ಕನಿಷ್ಠ ಒಂದಡಿ, ಸ್ನಾನ ಮಾಡುವ ಕಡೆ ಆಳೆತ್ತರ ಬರಬೇಕು. ಆಮೇಲೆ ಟ್ರ್ಯಾಪ್ ಮುಚ್ಚಿ ಎರಡು ಇಂಚು ನೀರು ಕಟ್ಟಿ 48 ಗಂಟೆ ಬಿಡಿ. ಕೆಳಗೆ ಹೋಗಿ ಚಾವಣಿ ನೋಡಿ ಬನ್ನಿ. ಹೊಸದಾಗಿ ತೇವ ಕಾಣದಿದ್ದರೆ ಮಾತ್ರ ಟೈಲ್ಸ್. ಕಂಟ್ರ್ಯಾಕ್ಟರ್ ಎಷ್ಟೇ ಅವಸರ ಮಾಡಿದರೂ ಈ ಎರಡು ದಿನ ಬಿಟ್ಟುಕೊಡಬೇಡಿ. ಟೈಲ್ಸ್ ಹಾಕುವಾಗ ವಾಟ ಸರಿಯಾಗಿದೆಯಾ ಅಂತ ಒಂದು ಚೊಂಬು ನೀರು ಸುರಿದು ನೋಡಿ. ಮೀಟರಿಗೆ ಒಂದು ಸೆಂಟಿಮೀಟರ್‌ನಷ್ಟು ಇಳಿಜಾರು ಬೇಕು.

ಇನ್ನು ರೇನ್ ಶವರ್. ನಿಮ್ಮ ಟ್ಯಾಂಕ್ ಇರುವುದು ಬಚ್ಚಲಿನ ಮೇಲಿನ ತಾರಸಿಯಲ್ಲೇ ಅಲ್ವಾ? ಶವರ್‌ನಿಂದ ಟ್ಯಾಂಕಿನ ನೀರಿಗೆ ಹೆಚ್ಚೆಂದರೆ 3 ಮೀಟರ್ ಎತ್ತರ. 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಒತ್ತಡ ಸಿಗುತ್ತದೆ, ಅಂದರೆ ನಿಮಗೆ ಸಿಗುವುದು ಬರೀ 0.3 ಬಾರ್. ದೊಡ್ಡ ರೇನ್ ಶವರ್ ಚೆನ್ನಾಗಿ ಸುರಿಯಲು 1 ಬಾರ್ ಹತ್ತಿರ ಬೇಕು. ಪ್ರೆಶರ್ ಪಂಪ್ ಇಲ್ಲದಿದ್ದರೆ ಅದು ತೊಟ್ಟಿಕ್ಕುತ್ತದೆ ಅಷ್ಟೇ. ಶೋರೂಮಿನಲ್ಲಿ ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ. ಕಡಿಮೆ ಒತ್ತಡಕ್ಕೆ ಆಗುವ ಕೈ ಶವರ್ ತಗೊಳ್ಳಿ. ಅತ್ತೆ ಕೂತು ಸ್ನಾನ ಮಾಡಲೂ ಅದೇ ಅನುಕೂಲ.

ಗಾಜಿನ ಪಾರ್ಟಿಷನ್ ನಾನಾದರೆ ಬಿಡುತ್ತೇನೆ. ಕಾವೇರಿ ನೀರು ಬರದ ದಿನ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರೇ ಗತಿ. 2024ರ ಬೇಸಿಗೆ ಯಾರಿಗೆ ಮರೆತಿದೆ? ಆ ಗಡಸು ನೀರಿಗೆ ಗಾಜಿನ ಮೇಲೆ ಬಿಳಿ ಕಲೆ ಕೂರುತ್ತದೆ. ದಿನಾ ಸ್ನಾನ ಆದ ಮೇಲೆ ಒರೆಸಬೇಕು. ಒರೆಸುವವರು ಯಾರು ಅಂತ ಯಜಮಾನರನ್ನು ಸಮಾಧಾನವಾಗಿ ಕೇಳಿ. "ನಾನೇ" ಅಂದರೆ ಮುಂದೆ ಮಾತಾಡೋಣ. 5 ಅಡಿ ಅಗಲದಲ್ಲಿ ಅತ್ತೆ ಓಡಾಡಲೂ ಅದು ಅಡ್ಡ.

ಟೈಲ್ಸ್ ಲೆಕ್ಕ ಹಾಕಿ ನೋಡಿ. ನೆಲ 35 ಚದರ ಅಡಿ. 7 ಅಡಿ ಎತ್ತರದವರೆಗೆ ಗೋಡೆ, ಬಾಗಿಲು ಕಿಟಕಿ ಬಿಟ್ಟು, ಸುಮಾರು 150. ಒಟ್ಟು 185. ಚದರ ಅಡಿಗೆ 60 ರೂಪಾಯಿಯದ್ದರ ಬದಲು 160ರದ್ದು ತಗೊಂಡರೆ 18,500 ರೂಪಾಯಿ ಜಾಸ್ತಿ. ಆ ದುಡ್ಡನ್ನು ಗೋಡೆಗೆ ಹಾಕುವ ಬದಲು ನೆಲಕ್ಕೆ ಒಳ್ಳೆಯ ಮ್ಯಾಟ್ ಟೈಲ್ಸ್ ತಗೊಳ್ಳಿ. ಆರ್-11 ದರ್ಜೆಯ ಜಾರದ ಟೈಲ್ಸ್ ಅಂತ ಕೇಳಿ. ಒಂದು ತುಂಡಿನ ಮೇಲೆ ನೀರು ಹಾಕಿ, ಬರಿಗಾಲಲ್ಲಿ ನಿಂತು ನೋಡಿಯೇ ಒಪ್ಪಿಕೊಳ್ಳಿ.

ಈಗ ಅತ್ತೆಯ ಮಾತು. "ಹಿಡಿಕೆ ಬೇಕಾ" ಅಂತ ಕೇಳಿದರೆ ಅವರು ಬೇಡ ಅಂತಲೇ ಹೇಳುತ್ತಾರೆ. ಮನೆಗೆ ಭಾರ ಆಗಬಾರದು ಅನ್ನುವ ಸಂಕೋಚ ಅದು. ಕೇಳಬೇಡಿ, ನೋಡಿ. ಕಮೋಡ್ ಪಕ್ಕದ ಗೋಡೆಯಲ್ಲಿ ಒಂದು ಕಡೆ ಅಂಗೈ ಊರಿ ಊರಿ ಟೈಲ್ಸ್ ಮಾಸಿರಬಹುದು. ಇಲ್ಲವೇ ಟವೆಲ್ ರಾಡ್ ಒಂದು ಬದಿ ಸಡಿಲವಾಗಿರಬಹುದು. ಅವರು ಏಳುವಾಗ ಕೈ ಹೋಗುವುದು ಅಲ್ಲಿಗೇ. ಟವೆಲ್ ರಾಡ್ ಮನುಷ್ಯರ ಭಾರ ತಡೆಯುವುದಿಲ್ಲ, ಅದನ್ನು ಹಿಡಿದೇ ಎಷ್ಟೋ ಹಿರಿಯರು ಬಿದ್ದಿದ್ದಾರೆ. ಅತ್ತೆಯ ಕೈ ಹೋಗುವ ಆ ಜಾಗದಲ್ಲೇ ಸ್ಟೀಲ್ ಹಿಡಿಕೆ (ಗ್ರ್ಯಾಬ್ ಬಾರ್) ಹಾಕಿಸಿ. ಟೈಲ್ಸ್‌ಗೆ ಮುಂಚೆಯೇ ಗುರುತು ಮಾಡಿಸಿ, ಇಟ್ಟಿಗೆಗೆ ಗಟ್ಟಿಯಾಗಿ ಕೂರಿಸಬೇಕು. ಬಾಗಿಲು ಹೊರಕ್ಕೆ ತೆರೆಯಲಿ. ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲು ತಳ್ಳಲು ಆಗುವುದಿಲ್ಲ. ಗೀಸರ್ ಲೈನಿಗೆ ಅರ್ತಿಂಗ್ ಸರಿಯಿದೆಯಾ ನೋಡಿಸಿ, ಕರೆಂಟ್ ಸೋರಿದರೆ ತಾನೇ ಲೈನ್ ಆಫ್ ಮಾಡುವ 30 ಮಿಲಿಆಂಪ್‌ನ ಆರ್‌ಸಿಸಿಬಿ ಹಾಕಿಸಿ.

ನಿಮ್ಮ ಯಜಮಾನರ ಪಟ್ಟಿಯಲ್ಲಿ ಒಂದನ್ನು ನಾನೂ ಒಪ್ಪುತ್ತೇನೆ. ವಾಲ್ ಹಂಗ್ ಕಮೋಡ್. ಅದನ್ನು ಬೇಕಾದ ಎತ್ತರಕ್ಕೆ ಕೂರಿಸಬಹುದು. ಸೀಟು ನೆಲದಿಂದ 18 ಇಂಚಿಗೆ ಬಂದರೆ ಮಂಡಿನೋವಿನವರು ಏಳುವುದು ಎಷ್ಟೋ ಸುಲಭ. ಕಮೋಡಿನ ಭಾರ ಹೊರಲು ನೆಲಕ್ಕೆ ಬೋಲ್ಟ್ ಆಗುವ ಫ್ರೇಮ್ ಇರಲಿ. ಬಿಡಿಭಾಗ ಇಲ್ಲೇ ಸಿಗುವ ಕಂಪನಿಯದ್ದೇ ಆಗಿರಲಿ. "ನಿಮ್ಮ ಆಯ್ಕೆ ಅಮ್ಮನಿಗೂ ಒಳ್ಳೆಯದು" ಅಂತ ಅವರಿಗೆ ಹೇಳಿ. ಮನಸ್ಸು ತುಂಬಿ ಹೇಳಿ. ಬಾಕಿ ಮಾತು ಅಲ್ಲಿಂದ ಸುಲಭವಾಗುತ್ತದೆ. ಅದಕ್ಕೂ ಮುಂಚೆ ಒಂದು ಸಲ ಅವರನ್ನು ಕೆಳಗೆ ಕರೆದುಕೊಂಡು ಹೋಗಿ ಆ ಚಾವಣಿ ತೋರಿಸಿ. ನೀವು ಬಾಯಲ್ಲಿ ಹೇಳಿದ್ದಕ್ಕೂ ಅವರೇ ಕಣ್ಣಾರೆ ನೋಡುವುದಕ್ಕೂ ವ್ಯತ್ಯಾಸ ಇದೆ.

3 ಲಕ್ಷದಲ್ಲಿ 30,000 ಯಾವುದಕ್ಕೂ ಮುಟ್ಟದೆ ಇಟ್ಟುಕೊಳ್ಳಿ. ಹಳೇ ನೆಲ ಒಡೆದಾಗ ಏನಾದರೊಂದು ಹೊಸ ಖರ್ಚು ಬಂದೇ ಬರುತ್ತದೆ. ಕೆಲಸ ಶುರುವಾಗುವ ದಿನವನ್ನು ಬಾಡಿಗೆಯವರಿಗೆ ಮೊದಲೇ ತಿಳಿಸಿ. ಮುಗಿದ ಮೇಲೆ ಅವರ ಚಾವಣಿ ಪೂರ್ತಿ ಒಣಗಲು ಕೆಲವು ವಾರ ಬಿಟ್ಟು ಬಣ್ಣ ಹೊಡೆಸಿಕೊಡಿ. ಆ ಖರ್ಚನ್ನೂ ಈಗಲೇ ಲೆಕ್ಕಕ್ಕೆ ಸೇರಿಸಿ.