ಪ್ರತಿಕ್ರಿಯೆ: ಕಳೆದಾಗ ಉಳಿಯುವ ಸದ್ದೆಲ್ಲ ಕಿವಿಗೆ ಬೀಳುವುದಿಲ್ಲ

ನಮಸ್ಕಾರ ಸರ್. ಮುಂಬೈ ಮಾಟುಂಗದ ಯಕ್ಷಗಾನದ ರೆಕಾರ್ಡಿಂಗನ್ನು 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಎಂಪಿ3 ಮಾಡಿ, ಅದನ್ನು ಮೂಲ ಫೈಲಿನಿಂದ ಲೆಕ್ಕದಲ್ಲಿ ಕಳೆದಿರಿ. ಉಳಿದ ಸದ್ದು ಇಷ್ಟು ಜೋರಾಗಿದೆ, ಅಷ್ಟೂ ಹಾಳಾಯಿತೇ ಎಂದು ಕೇಳಿದ್ದೀರಿ.

ಇಲ್ಲ. ಜೋರು ಸದ್ದಿನ ಮರೆಯಲ್ಲಿ ಕಿವಿಗೆ ಬೀಳದ ಜಾಗ ಹುಡುಕಿ ಫೈಲನ್ನು ಚಿಕ್ಕದು ಮಾಡುವಾಗ ಆಗುವ ತಪ್ಪನ್ನು ಎಂಪಿ3 ಅಲ್ಲಿಡುತ್ತದೆ. ನೀವು ಆ ಮರೆಯನ್ನೇ ತೆಗೆದು ಕೇಳಿದ್ದೀರಿ. ದಾದರ್ ಸ್ಟೇಷನ್‌ಗೆ ಫಾಸ್ಟ್ ಲೋಕಲ್ ರೈಲು ನುಗ್ಗುವಾಗ ಪಕ್ಕದವರ ಪಿಸುಮಾತು ಕೇಳಲ್ಲ, ಅಲ್ವಾ?

ನಿಜವಾಗಿ ಹುಡುಕಬೇಕಾದದ್ದು ಚೆಂಡೆಯ ಪೆಟ್ಟಿನಲ್ಲಿ. ಎಂಪಿ3 ಸದ್ದನ್ನು ತುಂಡು ತುಂಡಾಗಿ ನೋಡುತ್ತದೆ; ಆ ತುಂಡೇ ವಿಂಡೋ. ಉದ್ದದ ವಿಂಡೋ 1152 ಸ್ಯಾಂಪಲ್ (ಸದ್ದಿನ ಒಂದೊಂದು ಅಳತೆ), ಅಂದರೆ 44.1 ಕಿಲೋಹರ್ಟ್ಸ್‌ನಲ್ಲಿ ಸುಮಾರು 26 ಮಿಲಿಸೆಕೆಂಡ್. ಪೆಟ್ಟು ಅದರ ನಡುವೆ ಬಿದ್ದರೆ ತಪ್ಪು ಹಿಂದಿನ ಮೌನಕ್ಕೂ ಹರಡುತ್ತದೆ. ಪೆಟ್ಟಿಗೆ ಮುಂಚಿನ ಕೆಲವೇ ಮಿಲಿಸೆಕೆಂಡ್ ಮಾತ್ರ ಕಿವಿ ಮರೆಮಾಚುತ್ತದೆ. ಎನ್‌ಕೋಡರ್ (ಎಂಪಿ3 ಮಾಡುವ ಸಾಫ್ಟ್‌ವೇರ್) ಸಣ್ಣ ವಿಂಡೋಗೆ ಬದಲಾದರೂ ಕಡಿಮೆ ಬಿಟ್‌ರೇಟ್‌ನಲ್ಲಿ, ಅಂದರೆ ಸೆಕೆಂಡಿಗೆ ಕಡಿಮೆ ಬಿಟ್ ಇದ್ದಾಗ, ಒಮ್ಮೊಮ್ಮೆ ಸಾಲದು. ಆಗ ಪೆಟ್ಟಿಗೆ ಮುಂಚೆ 'ಶ್' ಅಂತ ಸಣ್ಣ ಉಜ್ಜಿದ ಸದ್ದು ಬರುತ್ತದೆ, ಪೆಟ್ಟಿನ ಮೊನೆ ಮೊಂಡಾಗುತ್ತದೆ. ನಮ್ಮ ಚೆಂಡೆಗೆ ಹೀಗಾದರೆ ನನಗಂತೂ ಹೊಟ್ಟೆ ಉರಿಯುತ್ತದೆ.

ಅಳೆಯಲು ಎಬಿಎಕ್ಸ್ ಪರೀಕ್ಷೆ ಮಾಡಿ: ಎ ಮೂಲ, ಬಿ ಎಂಪಿ3, ಎಕ್ಸ್ ಇವೆರಡರಲ್ಲಿ ಯಾವುದು ಅಂತ ಕೇಳಿಯೇ ಹೇಳಬೇಕು. ಹಾಡು ಕೇಳುವ ಸಾಫ್ಟ್‌ವೇರ್ ಫೂಬಾರ್2000ಕ್ಕೆ ಅದರ ಪ್ಲಗಿನ್ ಇದೆ. ಚೆಂಡೆ ಇರುವ ಐದಾರು ಸೆಕೆಂಡ್ ಸಾಕು. ಎರಡರ ವಾಲ್ಯೂಮ್ ಒಂದೇ ಇರಲಿ. 16 ಸಲ ಅಂತ ಮೊದಲೇ ನಿರ್ಧರಿಸಿ, ಸುಮ್ನೆ ಮಧ್ಯದಲ್ಲಿ ನಿಲ್ಲಿಸಬೇಡಿ. 12 ಅಥವಾ ಹೆಚ್ಚು ಸರಿಯಾದರೆ ಅದು ಬರೀ ಊಹೆಯಿಂದ ಆಗುವ ಸಾಧ್ಯತೆ 4%ಗಿಂತ ಕಡಿಮೆ.

ಕಂಪ್ಯೂಟರೇ ಅಂಕ ಕೊಡುವ ಪೀಕ್ (PEAQ) ಎಂಬ, ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ವಿಧಾನವೂ ಇದೆ. ಅದರಲ್ಲಿ 0 ಅಂದರೆ ವ್ಯತ್ಯಾಸ ಕೇಳಿಸದು, -4 ಅಂದರೆ ತುಂಬಾ ಕಿರಿಕಿರಿ. ಚೆಂಡೆಯ ವಿಷಯದಲ್ಲಿ ನಾನು ಕಿವಿಯನ್ನೇ ಜಾಸ್ತಿ ನಂಬುತ್ತೇನೆ. ಮೂಲ ಫೈಲನ್ನು ಮಾತ್ರ ದಯವಿಟ್ಟು ಅಳಿಸಬೇಡಿ.