ಓದುಗರ ಪ್ರಶ್ನೆ: ಡೀಬಗ್ ಲಾಗ್ ಹಾಕಿದರೂ ಕಾಣುವುದಿಲ್ಲವೇಕೆ?

ಪ್ರಶ್ನೆ: ಅಡಿಕೆ ತೋಟದ ಎರಡು ಕಡೆ ಮಣ್ಣಿನ ತೇವಾಂಶ ಅಳೆಯಲು ಒಂದೊಂದು ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್) ಇಟ್ಟಿದ್ದೇನೆ. ಎರಡರಲ್ಲೂ ಇರುವುದು ಒಂದೇ ಪೈಥಾನ್ ಪ್ರೋಗ್ರಾಮಿನ ನಕಲು. ಅದು ಪಾಹೋ ಲೈಬ್ರರಿಯ ನೆರವಿನಿಂದ, ಎಂಕ್ಯೂಟಿಟಿ (ಉಪಕರಣಗಳು ಚಿಕ್ಕ ಸಂದೇಶ ಕಳುಹಿಸುವ ಸಂವಹನ ನಿಯಮ) ಮೂಲಕ, ಮನೆಯಲ್ಲಿರುವ ಬ್ರೋಕರ್‌ಗೆ (ಸಂದೇಶ ಪಡೆದು ಹಂಚುವ ಸರ್ವರ್) ಅಂಕಿಗಳನ್ನು ಕಳುಹಿಸುತ್ತದೆ. ಎರಡನೆಯ ಪೈ ಸೇರಿಸಿದ ದಿನದಿಂದ ಸಂಪರ್ಕ ಮತ್ತೆ ಮತ್ತೆ ಕಡಿಯುತ್ತಿದೆ. ಕಾರಣ ತಿಳಿಯಲೆಂದು, ಡೀಬಗ್ ಲಾಗ್ (ಪ್ರೋಗ್ರಾಮಿನೊಳಗೆ ನಡೆಯುವುದರ ಸವಿವರ ದಾಖಲೆ) ಪಡೆಯಲು ಪಾಹೋದ ‘ಎನೇಬಲ್ ಲಾಗರ್’ ಫಂಕ್ಷನ್ ಕರೆದರೆ ಪರದೆಯ ಮೇಲೆ ಒಂದು ಸಾಲೂ ಮೂಡಲಿಲ್ಲ. ಇದು ಲೈಬ್ರರಿಯ ದೋಷವೇ? ಡೀಬಗ್ ಲಾಗ್ ಸದಾ ಬರೆಯುತ್ತಿದ್ದರೆ ಪಾಸ್‌ವರ್ಡ್ ಬಯಲಾಗುವುದಿಲ್ಲವೇ?
– ಓದುಗರೊಬ್ಬರು, ಶಿರಸಿ

ಉತ್ತರ: ದೋಷ ಲೈಬ್ರರಿಯದಲ್ಲ. ‘ಎನೇಬಲ್ ಲಾಗರ್’ ಕರೆದಾಗ ಪಾಹೋ ತನ್ನ ಸಂದೇಶಗಳನ್ನು ಪೈಥಾನಿನ ಲಾಗಿಂಗ್ ವ್ಯವಸ್ಥೆಗೆ ಒಪ್ಪಿಸುತ್ತದೆ. ಅವುಗಳನ್ನು ಎಲ್ಲಿ, ಯಾವ ಮಟ್ಟದಿಂದ ಮೇಲಕ್ಕೆ ತೋರಿಸಬೇಕೆಂಬ ತೀರ್ಮಾನ ಪ್ರೋಗ್ರಾಂ ಬರೆದ ನಿಮ್ಮದು. ಲೈಬ್ರರಿಗಳು ಹೀಗೆಯೇ ಇರಬೇಕೆಂಬುದು ನನ್ನ ಅಭಿಪ್ರಾಯ. ಕೇಳದೆಯೇ ಪರದೆ ತುಂಬಿಸುವ ಲೈಬ್ರರಿಗಳನ್ನು ಸುಮ್ಮನಿರಿಸಲು ಪಡುವ ಪಾಡು ಇದಕ್ಕಿಂತ ಹೆಚ್ಚಿನದು.

ಪೈಥಾನಿನಲ್ಲಿ ಡೀಬಗ್ ಮಟ್ಟದ ಬೆಲೆ 10, ಎಚ್ಚರಿಕೆಯ ಮಟ್ಟದ ಬೆಲೆ 30. ನೀವು ಏನನ್ನೂ ಬದಲಿಸದಿದ್ದರೆ ಮೂಲ ಲಾಗರ್‌ನ (ಸಂದೇಶ ಸ್ವೀಕರಿಸುವ ಲಾಗರ್‌ಗಳಲ್ಲಿ ಎಲ್ಲಕ್ಕೂ ಮೇಲಿನದು) ಮಟ್ಟ 30; ಸ್ವಂತ ಮಟ್ಟವಿಲ್ಲದ ಲಾಗರ್‌ಗಳೂ ಅದನ್ನೇ ಪಾಲಿಸಿ, ಅದಕ್ಕಿಂತ ಕೆಳಗಿನದನ್ನು ತಡೆಯುತ್ತವೆ. ಪಾಹೋದ ಲಾಗರ್ ಮಟ್ಟವನ್ನು 10ಕ್ಕೆ ಇಳಿಸಿದರೂ ಸಾಲದು. ಹ್ಯಾಂಡ್ಲರ್ (ಸಂದೇಶವನ್ನು ಪರದೆಗೋ ಫೈಲಿಗೋ ಬರೆಯುವ ಭಾಗ) ಒಂದನ್ನೂ ಜೋಡಿಸದಿದ್ದಾಗ ಪೈಥಾನ್ ಕೊನೆಯ ಆಸರೆಯಾಗಿ ಬಳಸುವ ಹ್ಯಾಂಡ್ಲರ್ ಕೂಡ ಎಚ್ಚರಿಕೆ ಮತ್ತು ಅದಕ್ಕಿಂತ ಮೇಲಿನದನ್ನು ಮಾತ್ರ ತೋರಿಸುತ್ತದೆ. ಆದ್ದರಿಂದ ಮೊದಲು ‘ಬೇಸಿಕ್ ಕಾನ್ಫಿಗ್’ ಕರೆದು ಹ್ಯಾಂಡ್ಲರ್ ಜೋಡಿಸಿ, ಅನಂತರ ಪಾಹೋಗೆ ಕೊಡುವ ಲಾಗರ್ ಒಂದಕ್ಕೆ ಮಾತ್ರ ಡೀಬಗ್ ಮಟ್ಟ ನಿಗದಿ ಮಾಡಿ. ಮೂಲ ಲಾಗರ್‌ನ ಮಟ್ಟ 30 ಆಗಿಯೇ ಉಳಿದರೂ ಈ ಸಂದೇಶಗಳು ಕಾಣುತ್ತವೆ, ಏಕೆಂದರೆ ಕೆಳಗಿನ ಲಾಗರ್‌ನಿಂದ ಮೇಲೇರುವ ಸಂದೇಶಕ್ಕೆ ಮೇಲಿನ ಹ್ಯಾಂಡ್ಲರ್‌ನ ಮಟ್ಟವಷ್ಟೇ ಅನ್ವಯಿಸುತ್ತದೆ, ಮೇಲಿನ ಲಾಗರ್‌ನದಲ್ಲ. ಅವಸರದಲ್ಲಿ ಮೂಲ ಲಾಗರ್‌ಗೇ ಡೀಬಗ್ ಮಟ್ಟ ಕೊಟ್ಟರೆ ಪ್ರೋಗ್ರಾಮಿನಲ್ಲಿರುವ ಬೇರೆ ಲೈಬ್ರರಿಗಳೂ ಒಟ್ಟಿಗೆ ಬಾಯಿಬಿಟ್ಟು, ನಿಮಗೆ ಬೇಕಾದ ಸಾಲು ಆ ಗದ್ದಲದಲ್ಲಿ ಕಳೆದುಹೋಗುತ್ತದೆ.

ಇನ್ನು ಲಾಗ್ ಓದುವ ಬಗೆ. ಆರೋಗ್ಯವಂತ ಸಂಪರ್ಕದಲ್ಲಿ ಕನೆಕ್ಟ್ ಸಾಲು ಒಮ್ಮೆ ಬರುತ್ತದೆ. ಆಮೇಲೆ ಪಬ್ಲಿಷ್ (ಅಂಕಿ ಕಳುಹಿಸಿದ) ಸಾಲುಗಳು, ಕಳುಹಿಸಲು ಏನೂ ಇಲ್ಲದ ಹೊತ್ತಿನಲ್ಲಿ ಸುಮಾರು 60 ಸೆಕೆಂಡಿಗೊಮ್ಮೆ ಪಿಂಗ್ (ಸಂಪರ್ಕ ಇನ್ನೂ ಇದೆಯೇ ಎಂಬ ವಿಚಾರಣೆ) ಮತ್ತು ಅದರ ಉತ್ತರ. ನಿಮ್ಮ ಲಾಗಿನಲ್ಲಿ ಕನೆಕ್ಟ್ ಸಾಲು ಕೆಲವೇ ಸೆಕೆಂಡುಗಳ ಅಂತರದಲ್ಲಿ ಮರುಕಳಿಸುತ್ತಿದ್ದರೆ, ಅದೇ ಸಾಲಿನ ಕೊನೆಯಲ್ಲಿರುವ ಕ್ಲೈಂಟ್ ಐಡಿಯನ್ನು (ಬ್ರೋಕರ್ ಪ್ರತಿ ಪೈಯನ್ನು ಗುರುತಿಸುವ ಹೆಸರು) ಎರಡೂ ಪೈಗಳ ಲಾಗಿನಲ್ಲಿ ಹೋಲಿಸಿ ನೋಡಿ. ಪ್ರೋಗ್ರಾಂ ನಕಲು ಮಾಡಿದಾಗ ಐಡಿಯೂ ನಕಲಾಗಿರುತ್ತದೆಂದು ನನ್ನ ಊಹೆ. ಒಂದೇ ಐಡಿಯಲ್ಲಿ ಮತ್ತೊಬ್ಬರು ಬಂದರೆ ಹಳಬರನ್ನು ಹೊರಗೆ ಕಳುಹಿಸಲೇಬೇಕೆಂದು ಎಂಕ್ಯೂಟಿಟಿ ನಿಯಮವೇ ಹೇಳುತ್ತದೆ. ಹೊರಬಿದ್ದ ಪೈ ಸ್ವಲ್ಪ ಹೊತ್ತಿನಲ್ಲೇ ಮರಳಿ ಬಂದು ಇನ್ನೊಂದನ್ನು ಹೊರದಬ್ಬುತ್ತದೆ. ಒಂದೇ ಕುರ್ಚಿಗೆ ಇಬ್ಬರು ಸರದಿಯಂತೆ ಕೂತೇಳುವ ಆಟ ಇದು. ಪ್ರತಿ ಪೈಗೂ ಬೇರೆ ಐಡಿ ಕೊಟ್ಟರೆ ಆಟ ನಿಲ್ಲುತ್ತದೆ. ಐಡಿಗಳು ಮೊದಲೇ ಬೇರೆಯಾಗಿದ್ದರೆ ಮಾತ್ರ ವೈಫೈ ಮೇಲೆ ಅನುಮಾನ ಪಡಿ.

ಪಾಸ್‌ವರ್ಡ್ ವಿಷಯದಲ್ಲಿ ಪಾಹೋ ಜಾಗರೂಕವಾಗಿದೆ. ಕನೆಕ್ಟ್ ಸಾಲಿನಲ್ಲಿ ಕಾಣುವ ‘ಪಿ1’ ಎಂಬುದು ಪಾಸ್‌ವರ್ಡ್ ಕಳುಹಿಸಲಾಗಿದೆ ಎಂಬುದರ ಗುರುತು ಮಾತ್ರ. ಪಬ್ಲಿಷ್ ಸಾಲಿನಲ್ಲಿಯೂ ಟಾಪಿಕ್ (ಸಂದೇಶದ ವಿಳಾಸದಂತಿರುವ ಹೆಸರು) ಮತ್ತು ಬೈಟ್‌ಗಳ ಲೆಕ್ಕ ಇರುತ್ತದೆಯೇ ಹೊರತು ಸಂದೇಶದ ಒಡಲು ಇರುವುದಿಲ್ಲ. ಆದರೆ ಟಾಪಿಕ್‌ನ ಹೆಸರು ಪೂರ್ತಿಯಾಗಿ ಅಚ್ಚಾಗುವುದರಿಂದ ಅದರಲ್ಲಿ ಮೊಬೈಲ್ ಸಂಖ್ಯೆ ಮೊದಲಾದವನ್ನು ಸೇರಿಸಬೇಡಿ. ಬಯಲಾಗುವ ಅಪಾಯ ಹೆಚ್ಚಾಗಿ ಇರುವುದು ನಾವೇ ಬರೆಯುವ ಸಾಲುಗಳಲ್ಲಿ: ಪಾಸ್‌ವರ್ಡ್ ಸೇರಿದಂತೆ ಸಂಪರ್ಕದ ವಿವರಗಳಿರುವ ಇಡೀ ಡಿಕ್ಷನರಿಯನ್ನು (ಪೈಥಾನಿನ ಹೆಸರು-ಬೆಲೆ ಪಟ್ಟಿ) ‘ನೋಡೋಣ’ ಎಂದು ಲಾಗಿಗೆ ಸುರಿದು ಮರೆತುಬಿಡುತ್ತೇವೆ.

ಸದಾ ಡೀಬಗ್ ಮಟ್ಟದಲ್ಲಿಡುವ ಅಗತ್ಯ ನಿಮಗಿಲ್ಲ. ಐಡಿ ಬದಲಿಸಿದ ಮೇಲೆ ಒಂದು ದಿನ ಗಮನಿಸಿ, ಮಟ್ಟವನ್ನು ಮತ್ತೆ ಎಚ್ಚರಿಕೆಗೆ ಏರಿಸಿ. ಫೈಲಿಗೆ ಬರೆಯುವುದಾದರೆ ಎಸ್‌ಡಿ ಕಾರ್ಡ್ ತುಂಬದಂತೆ ‘ರೊಟೇಟಿಂಗ್ ಫೈಲ್ ಹ್ಯಾಂಡ್ಲರ್’ ಬಳಸಿ. ಅದಕ್ಕೆ ಫೈಲಿನ ಗರಿಷ್ಠ ಗಾತ್ರ ಮತ್ತು ಹಳೆಯ ಪ್ರತಿಗಳ ಸಂಖ್ಯೆ ಎರಡನ್ನೂ ನೀವೇ ಕೊಡಬೇಕು. ಇವುಗಳಲ್ಲಿ ಒಂದು 0 ಆಗಿ ಉಳಿದರೂ ಫೈಲು ಬೆಳೆಯುತ್ತಲೇ ಇರುತ್ತದೆ.