ಯಾಕೋಬನ ಪರವಾಗಿ ಎರಡು ಮಾತು

ಓದುಗರೊಬ್ಬರ ಪತ್ರ: "ರೋಗಿಗಳ ಸೇವೆಯ ಬಗ್ಗೆ ಹೋದ ಸಂಚಿಕೆಯಲ್ಲಿ ನೀವು ಬರೆದುದನ್ನು ಓದಿದರೆ ಸತ್ಕ್ರಿಯೆಗಳಿಂದಲೇ ರಕ್ಷಣೆ ಎಂಬ ಭಾವನೆ ಹುಟ್ಟುತ್ತದೆ. ಕ್ರೈಸ್ತನಿಗೆ ನಂಬಿಕೆಯೊಂದೇ ಸಾಲದೆ?"

ಮಾನ್ಯರೇ,

ಎಫೆಸದವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದಿಂದ 8 ಮತ್ತು 9ನೆಯ ವಚನಗಳನ್ನು, ಎಂದರೆ ರಕ್ಷಣೆ ಕೃಪೆಯಿಂದ ನಂಬಿಕೆಯ ಮೂಲಕವೇ ಹೊರತು ಕ್ರಿಯೆಗಳಿಂದಲ್ಲ ಎಂಬ ಮಾತನ್ನು, ಚಾಚೂ ತಪ್ಪದೆ ಉದ್ಧರಿಸಿದ್ದೀರಿ. ಇಷ್ಟು ಶ್ರದ್ಧೆಯಿಂದ ಬೈಬಲ್ ಓದುವವರು ನಮ್ಮ ಚಂದಾದಾರರಲ್ಲಿದ್ದಾರೆ ಎಂಬುದೇ ಸಂತೋಷ. ಆದರೆ 10ನೆಯದನ್ನು ಏಕೆ ಕೈಬಿಟ್ಟಿರಿ? ನಾವು ಸತ್ಕ್ರಿಯೆಗಳಿಗಾಗಿಯೇ ಸೃಷ್ಟಿಸಲ್ಪಟ್ಟವರೆಂದು ಆ ಪತ್ರಿಕೆಯ ಅಪೊಸ್ತಲ ಪೌಲನು ಹೇಳುವುದು ಅಲ್ಲಿಯೇ.

ಕೃಪೆಯನ್ನು ಯಾರೂ ಸಂಪಾದಿಸಲಾರರು ಎಂಬ ನಿಮ್ಮ ಮಾತು ಸರಿ. ಪಾಪದ ದಂಡನೆಯ ವಿನಾಯಿತಿ ಪತ್ರಗಳನ್ನು ಹಣಕ್ಕೆ ಮಾರುತ್ತಿದ್ದಾಗ, 1517ರಲ್ಲಿ, ಪ್ರೊಟೆಸ್ಟಂಟ್ ಸುಧಾರಣೆಗೆ ನಾಂದಿ ಹಾಡಿದ ಜರ್ಮನಿಯ ಮಾರ್ಟಿನ್ ಲೂಥರರು ಎತ್ತಿದ ಆಕ್ಷೇಪ ನ್ಯಾಯವಾದದ್ದೇ. ಅದೇ ಲೂಥರರು 1522ರ ತಮ್ಮ ಹೊಸ ಒಡಂಬಡಿಕೆಯ ಮುನ್ನುಡಿಯಲ್ಲಿ, ಕ್ರಿಯೆಗಳಿಗೆ ಒತ್ತು ಕೊಡುವ ಬೈಬಲಿನ ಯಾಕೋಬನ ಪತ್ರಿಕೆಯನ್ನು ಒಣಹುಲ್ಲೆಂದು ಹಳಿದರು. ಈ ಮುನ್ನುಡಿ ಎಲ್ಲರಿಗೂ ಬಾಯಿಪಾಠ. ಮರುವರ್ಷ ಜರ್ಮನಿಯ ಲೈಸ್ನಿಗ್ ಎಂಬ ಊರಿನ ಕ್ರೈಸ್ತ ಸಭೆಯವರು ಬಡವರ ನೆರವಿಗೆಂದು ಸಾಮೂಹಿಕ ನಿಧಿಯೊಂದನ್ನು ಏರ್ಪಡಿಸಿದಾಗ, ಅದರ ನಿಯಮಾವಳಿಗೂ ಅವರೇ ಮುನ್ನುಡಿ ಬರೆದು ಪ್ರಕಟಿಸಿದರು. ಇದನ್ನು ಮಾತ್ರ ಯಾವ ಉಪದೇಶದಲ್ಲೂ ನಾನು ಕೇಳಿಲ್ಲ. 1999ರಲ್ಲಿ ಆಗ್ಸ್‌ಬರ್ಗಿನಲ್ಲಿ ಲೂಥರನ್ನರೂ ಕಥೋಲಿಕರೂ ಜಂಟಿ ಘೋಷಣೆಗೆ ಸಹಿ ಹಾಕಿ, ಕೃಪೆಯಿಂದಲೇ ನೀತಿವಂತರಾಗುತ್ತೇವೆ, ಸತ್ಕ್ರಿಯೆಗಳು ಅದರ ಫಲ ಎಂದು ಒಪ್ಪಿಕೊಂಡರು. ಐದು ಶತಮಾನಗಳ ಜಗಳ ಅಲ್ಲಿಗೆ ಬಹುಮಟ್ಟಿಗೆ ತಣ್ಣಗಾಯಿತು. ನಮ್ಮ ಕೆಲವು ವೇದಿಕೆಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಇನ್ನು ಯಾಕೋಬನ ವಿಷಯ. "ಕ್ರಿಯೆಗಳಿಲ್ಲದ ನಂಬಿಕೆ ಸತ್ತದ್ದು" ಎಂಬ ಮಾತನ್ನು ಎತ್ತಿಕೊಂಡು ಅಬ್ರಹಾಮನು ನೀತಿವಂತನೆನಿಸಿದ್ದು ನಂಬಿಕೆಯಿಂದಲೋ ಕ್ರಿಯೆಗಳಿಂದಲೋ ಎಂದು ಪೌಲನಿಗೂ ಅವನಿಗೂ ವಾದ ಹೂಡಿಸುವವರು, ಅವನ ಪತ್ರಿಕೆಯ ಆ ಎರಡನೆಯ ಅಧ್ಯಾಯ ಎಲ್ಲಿಂದ ಆರಂಭವಾಗುತ್ತದೆ ಎಂದು ನೋಡುವುದೇ ಇಲ್ಲ. ಅದು ಆರಂಭವಾಗುವುದು ಆಸನಗಳ ದೂರಿನಿಂದ: ಚಿನ್ನದ ಉಂಗುರ ತೊಟ್ಟವನು ಸಭೆಗೆ ಬಂದರೆ ಒಳ್ಳೆಯ ಸ್ಥಳ, ಕೊಳೆಬಟ್ಟೆಯ ಬಡವನು ಬಂದರೆ "ನೀನು ಅಲ್ಲಿ ನಿಲ್ಲು" ಎಂಬ ಮಾತು. ಹಾಗೆ ಮಾತನಾಡಿದವರೆಲ್ಲರೂ ನಂಬಿಕೆಯುಳ್ಳವರೇ, ಅದೇ ಅವನ ಸಿಟ್ಟಿಗೆ ಕಾರಣ. ನಮ್ಮ ಮಹಾಸಭೆಗಳಲ್ಲಿ ದಾನಿಗಳಿಗೆಂದು ಮುಂದಿನ ಸಾಲಿಗೆ ಸೋಫಾ ತರಿಸುವವರನ್ನು ಕೇಳಿ ನೋಡಿ, ನಂಬಿಕೆಯೊಂದೇ ಸಾಕು ಎಂದು ಅವರೂ ಹೇಳುತ್ತಾರೆ.

ನನಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ನಿಮ್ಮ ಪ್ರಶ್ನೆಯನ್ನೇ ಕೇಳುತ್ತವೆ. ಸಭೆಯ ಶಾಲೆಯೊಂದರಲ್ಲಿ ಆಯಾ ಆಗಿರುವ ಹೆಂಗಸೊಬ್ಬರು ಮಾತ್ರ, ತಿಂಗಳುಗಟ್ಟಲೆ ಸಂಬಳ ತಡೆಹಿಡಿದಿದ್ದಾರೆ, ಯಾರಿಗೆ ಹೇಳಲಿ ಎಂದು ಬರೆದಿದ್ದರು. ಅದೇ ಯಾಕೋಬನ ಐದನೆಯ ಅಧ್ಯಾಯದಲ್ಲಿ, ಹೊಲ ಕೊಯ್ದವರಿಗೆ ಕೊಡದೆ ಇಟ್ಟುಕೊಂಡ ಕೂಲಿ ಕೂಗಿಕೊಳ್ಳುತ್ತದೆ. ಹೊಲದ ಒಡೆಯನು ಏನನ್ನು ನಂಬುತ್ತೇನೆಂದು ಹೇಳಿಕೊಳ್ಳುತ್ತಾನೆ ಎಂದು ಅಲ್ಲಿ ಯಾರೂ ವಿಚಾರಿಸುವುದಿಲ್ಲ. ಆ ಅಧ್ಯಾಯವನ್ನೂ ಓದಿ ಮತ್ತೆ ಬರೆಯಿರಿ. ನೀವು ಒಪ್ಪದಿದ್ದರೂ ಪ್ರಕಟಿಸುತ್ತೇನೆ.

– ಸಂ.